ಹಿತ್ತಲ ಬೇಲಿಗೆ ಕವಳೆ: ಬೀಜದಿಂದ ಹಣ್ಣಿನವರೆಗೆ

ಬೇಸಿಗೆಯಲ್ಲಿ ಪಶ್ಚಿಮ ಘಟ್ಟದ ಬೆಟ್ಟ, ಬ್ಯಾಣ ಸುತ್ತಿದವರಿಗೆ ಕವಳೆ ಹಣ್ಣು ಗೊತ್ತೇ ಇರುತ್ತದೆ. ಕೆಲವು ಊರುಗಳಲ್ಲಿ ಇದು ಕೌಳಿ, ಕರಾವಳಿಯಲ್ಲಿ ಕರಂಡೆ, ಬೆಳಗಾವಿ ಕಡೆ ಕರವಂದ. ಕಪ್ಪಗೆ ಮಾಗಿದ ಹಣ್ಣು ಹುಳಿ-ಸಿಹಿ. ತಿಂದರೆ ತುಟಿಗೆಲ್ಲ ಅಂಟು. ಇಷ್ಟು ಪರಿಚಯವಿದ್ದರೂ ಇದನ್ನು ಮನೆಯ ಹಿತ್ತಲಲ್ಲಿ ನೆಟ್ಟವರು ಕಡಿಮೆ. ಮುಳ್ಳಿನ ಗಿಡ ಯಾಕೆ ಬೇಕು ಅನ್ನುತ್ತಾರೆ.

ಮುಳ್ಳು ಇರುವುದು ನಿಜ. ಆದರೆ ವರ್ಷವಿಡೀ ಹಸಿರಾಗಿರುವ, ಬಿಳಿ ಹೂವಿನ ಪರಿಮಳ ಕೊಡುವ, ಬೇಸಿಗೆಯಲ್ಲಿ ನೀರು ತಪ್ಪಿದರೂ ಬದುಕುವ ನಮ್ಮದೇ ನೆಲದ ಹಣ್ಣಿನ ಗಿಡ ಇನ್ನೆಷ್ಟಿವೆ? ಜಾಗವನ್ನು ಸರಿಯಾಗಿ ಆರಿಸಿದರೆ ಆ ಮುಳ್ಳೇ ಕೆಲಸಕ್ಕೆ ಬರುತ್ತದೆ.

ಮೊದಲು ಜಾಗ

ಗಿಡ ತರುವ ಮುಂಚೆ ಜಾಗ ನೋಡಿ. ಕವಳೆಯ ಮುಳ್ಳು ಜೋಡಿಯಾಗಿ ಬರುತ್ತದೆ, ಉದ್ದ ಮತ್ತು ಗಟ್ಟಿ. ಹಾಗಾಗಿ ಓಡಾಡುವ ದಾರಿಯ ಪಕ್ಕ, ಬಟ್ಟೆ ಒಣಗಿಸುವ ತಂತಿಯ ಹತ್ತಿರ, ಮಕ್ಕಳು ಆಡುವ ಕಡೆ ಖಂಡಿತ ಬೇಡ. ಕಾಂಪೌಂಡಿನ ಅಂಚು, ತೋಟದ ಬೇಲಿಸಾಲು ಇದಕ್ಕೆ ಹೇಳಿ ಮಾಡಿಸಿದ ಜಾಗ. ದಟ್ಟವಾಗಿ ಬೆಳೆದ ಕವಳೆ ಬೇಲಿಯನ್ನು ದನವೂ ನುಗ್ಗುವುದಿಲ್ಲ.

ಬಿಸಿಲು ಮಾತ್ರ ಬೇಕೇ ಬೇಕು, ದಿನಕ್ಕೆ ಆರು ತಾಸಾದರೂ. ಮಾವು, ಹಲಸಿನ ನೆರಳಲ್ಲಿ ನೆಟ್ಟರೆ ಗಿಡ ಸಾಯುವುದಿಲ್ಲ, ಆದರೆ ಹಣ್ಣಿನ ಆಸೆ ಬಿಡಬೇಕಾಗುತ್ತದೆ. ಮಣ್ಣಿನ ವಿಷಯದಲ್ಲಿ ತಕರಾರಿಲ್ಲ. ಜಂಬಿಟ್ಟಿಗೆ ನೆಲ, ಕಲ್ಲುಮಿಶ್ರಿತ ಕೆಮ್ಮಣ್ಣು, ಮರಳು ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗು ಮಾತ್ರ ಆಗದು.

ಸಸಿ ಎಲ್ಲಿಂದ?

ಅತಿ ಸುಲಭ ದಾರಿ ಬೀಜ. ಇದರಲ್ಲಿ ಒಂದೇ ಗುಟ್ಟು: ಬೀಜ ಹಸಿಯಾಗಿರಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತೋಣ ಅಂದುಕೊಂಡರೆ ಮೊಳಕೆ ಬರುವುದು ಅನುಮಾನ. ಚೆನ್ನಾಗಿ ಮಾಗಿದ, ದಪ್ಪ ಹಣ್ಣು ಆರಿಸಿ. ಹಿಚುಕಿ, ತಿರುಳಿನ ಅಂಟು ಹೋಗುವಂತೆ ತೊಳೆದು, ನೆರಳಲ್ಲಿ ಒಂದು ದಿನ ಆರಿಸಿ ಬಿತ್ತಿಬಿಡಿ. ಮಣ್ಣು, ಮರಳು, ಕಾಂಪೋಸ್ಟ್ ಸಮ ಪ್ರಮಾಣದಲ್ಲಿ ಬೆರೆಸಿದ ಚೀಲ ಸಾಕು. ಬೀಜದ ಮೇಲೆ ಬೆರಳಿನ ಒಂದು ಗೆರೆಯಷ್ಟು ಮಣ್ಣಿದ್ದರೆ ಆಯ್ತು. ಎರಡರಿಂದ ನಾಲ್ಕು ವಾರದಲ್ಲಿ ಮೊಳಕೆ ಕಾಣುತ್ತದೆ. ಆಮೇಲೆ ಅವಸರ ಬೇಡ. ಸಸಿ ನಿಧಾನವಾಗಿ ಏಳುತ್ತದೆ, ನೆಲಕ್ಕಿಳಿಸುವುದು ಮುಂದಿನ ಮಳೆಗಾಲಕ್ಕೇ.

ಬೀಜದ ಗಿಡ ತಾಯಿಯ ಹಾಗೇ ಇರುತ್ತದೆ ಎಂಬ ಖಾತ್ರಿಯಿಲ್ಲ. ಇಂಥದ್ದೇ ಹಣ್ಣು ಬೇಕು ಅನ್ನುವವರು ಗೂಟಿ ಕಟ್ಟಬಹುದು, ಅಂದರೆ ರೆಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಬಹುದು. ಮಳೆ ಶುರುವಾದ ಮೇಲೆ ಪೆನ್ಸಿಲ್ ದಪ್ಪದ ಬಲಿತ ರೆಂಬೆಯಲ್ಲಿ ಒಂದು ಇಂಚು ಅಗಲದ ತೊಗಟೆಯನ್ನು ಉಂಗುರದಂತೆ ತೆಗೆಯಿರಿ. ಬಿಳಿ ಹಾಲು ಸೋರುತ್ತದೆ, ಬಟ್ಟೆಯಿಂದ ಒರೆಸಿ, ನಿಂತ ಮೇಲೆ ಒದ್ದೆ ಪಾಚಿ (ಸ್ಫ್ಯಾಗ್ನಮ್ ಮಾಸ್) ಸುತ್ತಿ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಕಟ್ಟಿ. ಒಂದೆರಡು ತಿಂಗಳಲ್ಲಿ ಹಾಳೆಯೊಳಗೆ ಬಿಳಿ ಬೇರು ಕಾಣುತ್ತದೆ. ಕೆಳಗಿನಿಂದ ಕತ್ತರಿಸಿ, ಕುಂಡಕ್ಕೆ ಹಾಕಿ, ಕೆಲವು ವಾರ ನೆರಳಲ್ಲಿಡಿ. ಸುಮ್ನೆ ಕಡ್ಡಿ ಕತ್ತರಿಸಿ ನೆಟ್ಟರೆ ಬೇರು ಬರುವುದು ಕಷ್ಟ. ದಾಸವಾಳದ ಅಭ್ಯಾಸವನ್ನು ಇಲ್ಲಿ ತರಬೇಡಿ.

ನರ್ಸರಿಯಲ್ಲಿ ಕೇಳುವುದಾದರೆ 'ಕರೊಂಡ' ಎನ್ನಿ. ಪಂತನಗರ ಕೃಷಿ ವಿಶ್ವವಿದ್ಯಾಲಯದ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ, ಮಹಾರಾಷ್ಟ್ರದ ದಾಪೋಲಿ ಕೃಷಿ ವಿಶ್ವವಿದ್ಯಾಲಯದ ಕೊಂಕಣ್ ಬೋಲ್ಡ್ ತಳಿಗಳಿವೆ. ಪಂತ್ ಮನೋಹರದ ಕಾಯಿ ಬಿಳಿಯ ಮೇಲೆ ಗುಲಾಬಿ ಬಣ್ಣ ಬಳಿದಂತೆ ನೋಡಲು ಬಲು ಚೆಂದ. ಆದರೆ ಬರಿಬಾಯಿಗೆ ತಿನ್ನಲು ನನ್ನ ಓಟು ಕಾಡಿನ ಕಪ್ಪು ಕವಳೆಗೇ.

ನೆಡುವುದು

ಜೂನ್, ಜುಲೈ ಒಳ್ಳೆಯ ಕಾಲ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಒಂದೆರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಬೇಲಿಗಾದರೆ ಗಿಡದಿಂದ ಗಿಡಕ್ಕೆ ಮೂರು ನಾಲ್ಕು ಅಡಿ. ಹಣ್ಣಿಗೆಂದು ಬಿಡಿಗಿಡ ನೆಡುವುದಾದರೆ ಏಳೆಂಟು ಅಡಿ ಬಿಡಿ. ಅದು ಹತ್ತಡಿ ಎತ್ತರಕ್ಕೆ ಬೆಳೆದು ಅಷ್ಟೇ ಅಗಲಕ್ಕೂ ಹರಡಬಲ್ಲದು. ಮನೆಯಲ್ಲಿ ನೆಲವೇ ಇಲ್ಲದಿದ್ದರೆ ತಾರಸಿಯ ದೊಡ್ಡ ಕುಂಡದಲ್ಲೂ ಬರುತ್ತದೆ. ಅದಕ್ಕೆ ಗೂಟಿ ಗಿಡ ಒಳ್ಳೆಯದು.

ಆರೈಕೆ, ಆದಷ್ಟು ಕಡಿಮೆ

ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ನೀರು, ಬುಡಕ್ಕೆ ದರಗಿನ (ಒಣ ಎಲೆಯ) ಹೊದಿಕೆ. ಆಮೇಲೆ ಕೈ ಬಿಗಿ ಹಿಡಿಯಿರಿ. ಪ್ರೀತಿ ಜಾಸ್ತಿಯಾಗಿ ದಿನಾ ನೀರು, ತಿಂಗಳಿಗೊಮ್ಮೆ ಗೊಬ್ಬರ ಸುರಿದರೆ ಗಿಡ ಬರೀ ಸೊಪ್ಪು ಬಿಡುತ್ತದೆ. ಮಳೆಗಾಲದ ಆರಂಭದಲ್ಲಿ ವರ್ಷಕ್ಕೊಂದು ಸಲ ಕೊಟ್ಟಿಗೆ ಗೊಬ್ಬರ ಸಾಕು. ಕಂಬಳಿಹುಳು ಎಲೆ ತಿನ್ನುವುದುಂಟು. ಉದ್ದದ ಚಿಮಟದಿಂದ ಹೆಕ್ಕಿ ಸಾಬೂನು ನೀರಿಗೆ ಹಾಕಿದರೆ ಮನೆಯ ಗಿಡದ ಮಟ್ಟಿಗೆ ಮುಗಿಯಿತು.

ಕತ್ತರಿ ಆಡಿಸುವುದು ಹಣ್ಣು ಮುಗಿದ ಮೇಲೆ. ಹೂವು ಬರುವುದು ಎಳೆಯ ಚಿಗುರಿನ ತುದಿಯಲ್ಲಿ, ಹಾಗಾಗಿ ಹೂವಿನ ಕಾಲ ಹತ್ತಿರ ಬಂದಾಗ ಸವರಿದರೆ ಆ ವರ್ಷದ ಫಸಲನ್ನೇ ಕತ್ತರಿಸಿದಂತೆ. ಒಣಗಿದ್ದು, ಒಳಕ್ಕೆ ತಿರುಗಿ ಹೆಣೆದುಕೊಂಡದ್ದನ್ನು ತೆಗೆದರೆ ಸಾಕು. ಬುಡದ ರೆಂಬೆಗಳನ್ನು ಒಂದೂವರೆ ಅಡಿಯವರೆಗೆ ಬೋಳಿಸಿಟ್ಟರೆ ಕಳೆ ಕೀಳುವಾಗ ಕೈಗೆ ಗೀರಾಗುವುದು ತಪ್ಪುತ್ತದೆ.

ಕೊಯ್ಲು

ಗೂಟಿ ಗಿಡ ಎರಡನೇ ವರ್ಷವೇ ಕಾಯಿ ತೋರಿಸಬಹುದು. ಬೀಜದ್ದಕ್ಕೆ ಮೂರು ನಾಲ್ಕು ವರ್ಷ ಕಾಯಬೇಕು. ಹೂವಿನಿಂದ ಹಣ್ಣಿಗೆ ಸುಮಾರು ಮೂರೂವರೆ ತಿಂಗಳು. ಉಪ್ಪಿನಕಾಯಿ, ಗೊಜ್ಜಿಗೆ ಬಲಿತ ಹಸಿರು ಕಾಯಿ. ಜಾಮ್‌ಗೆ ಅರೆಮಾಗಿದ್ದು ಸೇರಲಿ. ಅದರಲ್ಲಿ ಪೆಕ್ಟಿನ್ ಜಾಸ್ತಿ, ಹೊರಗಿನಿಂದ ಏನೂ ಹಾಕದೆ ಗಟ್ಟಿಯಾಗುತ್ತದೆ. ಅಂದ ಹಾಗೆ, ಬೇಕರಿಯ ಬನ್ನು, ಕೇಕಿನ ಮೇಲೆ ಕೂರುವ ಕೆಂಪು 'ಚೆರ್ರಿ' ಎಷ್ಟೋ ಸಲ ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಹಾಕಿದ ಕವಳೆಯೇ!

ಕೀಳುವಾಗ ದಪ್ಪ ಗ್ಲೌಸ್, ತುಂಬುತೋಳಿನ ಅಂಗಿ ಇರಲಿ. ತೊಟ್ಟು ಮುರಿದಲ್ಲಿ ಸೊನೆ ಬರುತ್ತದೆ, ಬಟ್ಟೆಗೆ ತಾಗಿದರೆ ಕಲೆ. ಕಾಯಿಗಳನ್ನು ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಉಜ್ಜಿ ತೊಳೆದರೆ ಅಂಟು ಬಿಡುತ್ತದೆ. ಪಾತ್ರೆ, ಚಾಕುವಿಗೆ ಮೊದಲೇ ಎಣ್ಣೆ ಸವರಿಕೊಳ್ಳಿ. ಮಾಗಿದ್ದನ್ನು ಎರಡು ಮೂರು ದಿನಕ್ಕೊಮ್ಮೆ ಕೀಳದಿದ್ದರೆ ಪಿಕಳಾರ ಹಕ್ಕಿಗಳು ಖಾಲಿ ಮಾಡುತ್ತವೆ. ತುದಿಯ ಹಣ್ಣು ಹೇಗೂ ನಮ್ಮ ಕೈಗೆ ಎಟುಕುವುದಿಲ್ಲ, ಅದನ್ನು ಅವಕ್ಕೇ ಬಿಟ್ಟರಾಯ್ತು. ಸವರಿದ ಮುಳ್ಳಿನ ರೆಂಬೆಗಳನ್ನು ಅಂಗಳದಲ್ಲಿ ಬಿಡಬೇಡಿ, ಒಣಗಿದ ಮುಳ್ಳು ಚಪ್ಪಲಿಯನ್ನೂ ತೂರುತ್ತದೆ. ಹೊಸದಾಗಿ ನೆಟ್ಟ ಸಸಿಗಳ ಸುತ್ತ ಒಡ್ಡಿದರೆ ಆಡು, ದನ ಹತ್ತಿರ ಸುಳಿಯುವುದಿಲ್ಲ.