ಕೋರ್ ಖಾಲಿಯಿದ್ದರೂ ಟಾಸ್ಕ್ ಏಕೆ ಕಾಯುತ್ತದೆ? ಸ್ಪಾರ್ಕ್ ಷೆಡ್ಯೂಲರ್‌ನ ಕೋಡ್ ಓದುವ ಕ್ರಮ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಕುಳಿತು ದೂರದ ಕಂಪನಿಗಳಿಗೆ ಕೆಲಸ ಮಾಡುವ ಯುವಜನರು ಈಗ ಬಹಳ ಇದ್ದಾರೆ. ಅವರಲ್ಲಿ ಕೆಲವರು ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಸೇರಿ ದೊಡ್ಡ ದತ್ತಾಂಶದ ಕೆಲಸವನ್ನು ಹಲವು ಯಂತ್ರಗಳಿಗೆ ಹಂಚಿ ಮಾಡುವ ಅಪಾಚೆ ಸ್ಪಾರ್ಕ್ ತಂತ್ರಾಂಶದ ಕೋಡ್ ಓದುತ್ತಾರೆ. ಬಹುತೇಕ ಎಲ್ಲರೂ ಎಡವುವುದು ಒಂದೇ ಕಡೆ. ಷೆಡ್ಯೂಲರ್ ಎಂದರೆ ಮೇಲೆ ಕುಳಿತು ಕೆಲಸ ಹಂಚುವ ಯಜಮಾನ ಎಂದು ಭಾವಿಸಿ, ದೊಡ್ಡ ಕಡತವನ್ನು ಮೊದಲ ಸಾಲಿನಿಂದ ಓದಲು ತೊಡಗುತ್ತಾರೆ. ಕೆಲವು ನೂರು ಸಾಲು ದಾಟುವಷ್ಟರಲ್ಲಿ ದಾರಿ ತಪ್ಪುತ್ತದೆ.

ಮೊದಲು ಕೋಡನ್ನು ಇಳಿಸಿಕೊಳ್ಳಿ. ನಿಮ್ಮ ಕಚೇರಿಯಲ್ಲಿ ಓಡುತ್ತಿರುವ ಆವೃತ್ತಿಯನ್ನೇ ಇಳಿಸಿಕೊಳ್ಳಬೇಕು, ಇಂದಿನ ಹೊಸ ಕೋಡನ್ನಲ್ಲ. ಒಮ್ಮೆ ಪೂರ್ತಿ ಬಿಲ್ಡ್ ಮಾಡಿಟ್ಟರೆ ಬೇಕಾದ ಲೈಬ್ರರಿಗಳೆಲ್ಲ ಲ್ಯಾಪ್‌ಟಾಪಿಗೆ ಬಂದಿರುತ್ತವೆ. ಆಷಾಢದ ಗಾಳಿ-ಮಳೆಗೆ ನೆಟ್‌ವರ್ಕ್ ಹೋದರೂ ಓದು ನಿಲ್ಲುವುದಿಲ್ಲ. ಬ್ರೌಸರಿನಲ್ಲಿ ಕೋಡ್ ಓದುವುದನ್ನು ನಾನು ಒಪ್ಪುವುದಿಲ್ಲ. ಸ್ಕಾಲಾ ಪ್ಲಗಿನ್ ಹಾಕಿದ ಇಂಟೆಲಿಜೆಯಲ್ಲಿ ಒಂದು ಫಂಕ್ಷನ್ನನ್ನು ಯಾರು ಕರೆಯುತ್ತಾರೆ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ, ಮತ್ತು ಈ ಕೋಡಿನಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ಅದನ್ನೇ.

ಆಮೇಲೆ ಒಂದು ಚಿಕ್ಕ ಲೆಕ್ಕವನ್ನು ಕೈಯಲ್ಲಿ ಹಿಡಿಯಿರಿ. ನಾಲ್ಕು ಚೀಲ ಒಣಗಿದ ಕೆಂಪಡಿಕೆಯನ್ನು ಸುರಿದು ರಾಶಿ, ಬೆಟ್ಟೆ, ಗೊರಬಲು ಎಂದು ಮೂರು ಗುಡ್ಡೆ ಮಾಡುತ್ತೇವೆ ಎಂದುಕೊಳ್ಳಿ. ನಾಲ್ಕು ಚೀಲಗಳನ್ನು ನಾಲ್ವರು ಏಕಕಾಲಕ್ಕೆ ವಿಂಗಡಿಸಬಹುದು, ಆದರೆ ನಾಲ್ಕನೆಯ ಚೀಲ ಮುಗಿಯುವವರೆಗೆ ಯಾವ ಗುಡ್ಡೆಯ ತೂಕವೂ ಅಂತಿಮವಲ್ಲ. ಸ್ಪಾರ್ಕ್‌ನಲ್ಲಿ ಇದನ್ನು ಷಫಲ್ ಎನ್ನುತ್ತಾರೆ. ನಾಲ್ಕು ಪಾರ್ಟಿಷನ್‌ಗಳ (ಅಂದರೆ ತುಂಡುಗಳ, ಇಲ್ಲಿ ಚೀಲಗಳ) ಕಡತವನ್ನು, ಒಂದೇ ಗುಂಪಿನದನ್ನು ಕೂಡಿಸುವ ರೆಡ್ಯೂಸ್‌ಬೈಕೀ ಮೂಲಕ ಮೂರು ಪಾರ್ಟಿಷನ್‌ಗಳಿಗೆ ಒಟ್ಟುಗೂಡಿಸಿದರೆ ಷಫಲ್‌ನ ಹಿಂದೊಂದು, ಮುಂದೊಂದು ಎಂದು ಎರಡು ಸ್ಟೇಜ್‌ಗಳು; ತುಂಡಿಗೊಂದರಂತೆ 4 ಮತ್ತು 3, ಒಟ್ಟು 7 ಟಾಸ್ಕ್‌ಗಳು. ಈ ಏಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದೆ ಹೋಗಿ.

ಕೆಲಸವನ್ನು ಸ್ಟೇಜ್‌ಗಳಾಗಿ ಒಡೆಯುವ ಡ್ಯಾಗ್‌ಷೆಡ್ಯೂಲರ್ ಎಂಬ ಕಡತ ದೊಡ್ಡದು, ಆದರೆ ಸುಲಭ. ಅದರಲ್ಲಿ ಸಬ್‌ಮಿಟ್‌ಸ್ಟೇಜ್ ಫಂಕ್ಷನ್ನನ್ನಷ್ಟೇ ಓದಿ: ಮುಗಿಯದ ಹಿಂದಿನ ಸ್ಟೇಜ್ ಇದ್ದರೆ ಅದನ್ನು ಮೊದಲು ಕಳಿಸುತ್ತದೆ, ಇಲ್ಲದಿದ್ದರೆ ತನ್ನ ಟಾಸ್ಕ್‌ಗಳನ್ನು ಒಂದು ಟಾಸ್ಕ್‌ಸೆಟ್ ಆಗಿ ಕಟ್ಟಿ ಕೆಳಗೆ ದಾಟಿಸುತ್ತದೆ.

ಇಲ್ಲಿಂದ ಮುಂದೆ ಓದಿನ ದಿಕ್ಕು ಬದಲಾಗಬೇಕು. ಇಡೀ ಕೆಲಸವನ್ನು ನಿಯಂತ್ರಿಸುವ ಡ್ರೈವರ್‌ನಿಂದ, ಟಾಸ್ಕ್‌ಗಳನ್ನು ಓಡಿಸುವ ಎಕ್ಸಿಕ್ಯೂಟರ್ ಎಂಬ ಪ್ರೊಸೆಸ್‌ಗಳ ಕಡೆಗೆ ಬಾಣ ಎಳೆದು ‘ಕೆಲಸ ಹಂಚಿಕೆ’ ಎಂದು ಬರೆದ ಚಿತ್ರಗಳು ಹಣ ಕೊಟ್ಟು ನೋಡುವ ಕೋರ್ಸ್‌ಗಳಲ್ಲೂ ಇರುತ್ತವೆ. ತಪ್ಪು ತಿಳಿವಳಿಕೆ ಬೇರೂರುವುದು ಅಲ್ಲಿಯೇ. ಕೋಡಿನಲ್ಲಿ ಆರಂಭವಾಗುವುದು ಖಾಲಿ ಜಾಗದಿಂದ. ಯಾವ ಎಕ್ಸಿಕ್ಯೂಟರ್‌ನಲ್ಲಿ ಎಷ್ಟು ಕೋರ್ (ಟಾಸ್ಕ್ ಓಡುವ ಪ್ರೊಸೆಸರ್ ಘಟಕ) ಬಿಡುವಾಗಿದೆ ಎಂಬ ಪಟ್ಟಿಯು ಟಾಸ್ಕ್‌ಷೆಡ್ಯೂಲರ್‌ಇಂಪ್ಲ್‌ನ ರಿಸೋರ್ಸ್‌ಆಫರ್ಸ್ ಫಂಕ್ಷನ್ನಿಗೆ ಬರುತ್ತದೆ. ಒಂದೇ ಯಂತ್ರದ ಮೇಲೆ ಹೊರೆ ಬೀಳದಿರಲೆಂದು ಅದು ಪಟ್ಟಿಯನ್ನು ಕಲೆಸಿ, ಪ್ರತಿ ಟಾಸ್ಕ್‌ಸೆಟ್‌ಗೂ ‘ಈ ಜಾಗಕ್ಕೆ ನಿನ್ನಲ್ಲಿ ಕೆಲಸವಿದೆಯೇ’ ಎಂದು ಕೇಳುತ್ತದೆ. ಉತ್ತರಿಸುವುದು ಟಾಸ್ಕ್‌ಸೆಟ್‌ಮ್ಯಾನೇಜರ್. ಅದು ‘ಸದ್ಯಕ್ಕೆ ಇಲ್ಲ’ ಎನ್ನಬಹುದು, ಮತ್ತು ಕೋರ್ ಖಾಲಿ ಉಳಿಯುವುದಕ್ಕೆ ಈ ಉತ್ತರವೇ ಕಾರಣ.

ಇಲ್ಲಿ ನಿಧಾನವಾಗಿ ಓದಿ. ದತ್ತಾಂಶಕ್ಕೆ ಎಷ್ಟು ಹತ್ತಿರ ಎಂಬುದಕ್ಕೆ ಐದು ಮಟ್ಟಗಳಿವೆ: ಅದೇ ಪ್ರೊಸೆಸ್, ಅದೇ ಯಂತ್ರ, ಇಂಥದೇ ಜಾಗ ಬೇಕೆಂಬ ಹಂಗಿಲ್ಲದ್ದು, ಅದೇ ರ‍್ಯಾಕ್ (ಯಂತ್ರಗಳನ್ನು ಜೋಡಿಸಿಟ್ಟ ಕಪಾಟು), ಎಲ್ಲಿಯಾದರೂ. ಹತ್ತಿರದ ಜಾಗ ಸಿಗಬಹುದೆಂದು ಮ್ಯಾನೇಜರ್ ಒಂದು ಮಟ್ಟದಲ್ಲಿ ಸ್ವಲ್ಪ ಹೊತ್ತು ಕಾಯುತ್ತದೆ. ಸ್ಪಾರ್ಕ್.ಲೊಕ್ಯಾಲಿಟಿ.ವೇಟ್ ಎಂಬ ಆ ಅವಧಿಗೆ ಮೊದಲೇ ಕೊಟ್ಟಿರುವ ಬೆಲೆ 3 ಸೆಕೆಂಡು. ಗೆಟ್‌ಅಲೋಡ್‌ಲೊಕ್ಯಾಲಿಟಿಲೆವೆಲ್ ಫಂಕ್ಷನ್ನಿನ ಲೂಪ್ ಮಾಡುವುದು ಎರಡೇ ಪರೀಕ್ಷೆ: ಈ ಮಟ್ಟದಲ್ಲಿ ಕೆಲಸವೇ ಉಳಿದಿಲ್ಲವಾದರೆ ಮುಂದಿನದಕ್ಕೆ ಹೋಗು, ಉಳಿದಿದ್ದು ಕಾಯುವ ಅವಧಿ ಮುಗಿದಿದ್ದರೂ ಮುಂದಿನದಕ್ಕೆ ಹೋಗು. ಎರಡೂ ಅಲ್ಲವಾದರೆ ಇಲ್ಲೇ ಕಾಯಬೇಕು.

ಈ ಕಾಯುವಿಕೆಯನ್ನು ಅಳೆಯುವ ಗಡಿಯಾರ ಯಾವಾಗ ಸೊನ್ನೆಗೆ ಮರಳುತ್ತದೆ ಎಂಬುದರಲ್ಲಿ ಆವೃತ್ತಿಯಿಂದ ಆವೃತ್ತಿಗೆ ವ್ಯತ್ಯಾಸವಿದೆ. ಸ್ಪಾರ್ಕ್ 3.1ಕ್ಕಿಂತ ಮುಂಚೆ, ಹತ್ತಿರದ ಒಂದು ಟಾಸ್ಕ್ ಶುರುವಾದಾಗಲೆಲ್ಲ ಗಡಿಯಾರ ಮರಳುತ್ತಿತ್ತು. ಹಾಗಾಗಿ ಒಂದೊಂದು ಸೆಕೆಂಡಿನ ಟಾಸ್ಕ್‌ಗಳಿದ್ದರೆ 3 ಸೆಕೆಂಡು ತುಂಬುತ್ತಲೇ ಇರಲಿಲ್ಲ, ಒಂದು ಯಂತ್ರ ದುಡಿಯುತ್ತ ಉಳಿದವು ಸುಮ್ಮನೆ ಇರುತ್ತಿದ್ದವು. 3.1ರಿಂದ, ಸಿಕ್ಕ ಖಾಲಿ ಜಾಗಗಳಲ್ಲಿ ಒಂದನ್ನೂ ಈ ಕಾಯುವಿಕೆಯ ಕಾರಣಕ್ಕೆ ಬಿಟ್ಟುಕೊಡದಿದ್ದಾಗ ಮಾತ್ರ ಗಡಿಯಾರ ಮರಳುತ್ತದೆ. ನಿಮ್ಮ ಆವೃತ್ತಿಯದೇ ಕೋಡ್ ಓದಿ ಎಂದು ಮೊದಲೇ ಹೇಳಿದ್ದು ಇದಕ್ಕಾಗಿ.

ಈ ಹಂತದಲ್ಲಿ, ಓಡುವ ಕೋಡನ್ನು ಒಂದು ಸಾಲಿನಲ್ಲಿ ನಿಲ್ಲಿಸಿ ನೋಡುವ ಬ್ರೇಕ್‌ಪಾಯಿಂಟ್ ಹಾಕಬೇಡಿ. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಎರಡು ಭಾನುವಾರ ಇದನ್ನೇ ಮಾಡಿ, ‘ಕಾಯುವುದೇ ಇಲ್ಲವಲ್ಲ ಸರ್, ನೇರವಾಗಿ ಮುಂದಿನ ಮಟ್ಟಕ್ಕೆ ಹೋಗುತ್ತದೆ’ ಎಂದ. ಪರದೆಯ ಮೇಲಿನ ಸಾಲನ್ನು ಅವನು ಓದುತ್ತಿದ್ದಾಗ ನಿಜವಾದ ಗಡಿಯಾರ ಓಡುತ್ತಲೇ ಇತ್ತು. ಅವನು ಮುಂದಿನ ಕೀಲಿ ಒತ್ತುವಷ್ಟರಲ್ಲಿ 3 ಸೆಕೆಂಡು ಕಳೆದಿರುತ್ತಿತ್ತು. ಇದರ ಬದಲು ಟಾಸ್ಕ್‌ಸೆಟ್‌ಮ್ಯಾನೇಜರ್‌ಸೂಟ್ ಎಂಬ ಪರೀಕ್ಷಾ ಕಡತವನ್ನು ತೆರೆಯಿರಿ. ಅಲ್ಲಿರುವ ಮ್ಯಾನ್ಯುಯಲ್‌ಕ್ಲಾಕ್ ನಾವು ತಳ್ಳಿದರೆ ಮಾತ್ರ ಮುಂದೆ ಹೋಗುವ ಗಡಿಯಾರ. ಒಂದು ಜಾಗವನ್ನು ಕೊಟ್ಟಾಗ ಟಾಸ್ಕ್ ಸಿಗುತ್ತದೆ, ಅದೇ ಜಾಗವನ್ನು ಮತ್ತೆ ಕೊಟ್ಟರೆ ಏನೂ ಸಿಗುವುದಿಲ್ಲ, ಗಡಿಯಾರವನ್ನು ತಳ್ಳಿ ಮತ್ತೊಮ್ಮೆ ಕೊಟ್ಟರೆ ಸಿಗುತ್ತದೆ. ಈ ಮೂರು ಸಾಲು ಅರ್ಥವಾದವರಿಗೆ ಷೆಡ್ಯೂಲರ್‌ನ ಮುಕ್ಕಾಲು ಭಾಗ ಅರ್ಥವಾದಂತೆ.

ಹಲವು ಯಂತ್ರಗಳ ನಿಜವಾದ ಕ್ಲಸ್ಟರ್‌ನಲ್ಲಿ ಇದನ್ನು ನೋಡಲು, ಡ್ರೈವರ್‌ನ 4040ನೆಯ ಪೋರ್ಟಿನಲ್ಲಿ ಬ್ರೌಸರಿಗೆ ಸಿಗುವ ಸ್ಪಾರ್ಕ್ ಪುಟದಲ್ಲಿ, ಸ್ಟೇಜ್‌ನ ವಿವರದಡಿ ‘ಲೊಕ್ಯಾಲಿಟಿ ಲೆವೆಲ್’ ಕಾಲಂ ಇದೆ. ಎಲ್ಲವನ್ನೂ ಒಂದೇ ಯಂತ್ರದಲ್ಲಿ ಓಡಿಸುವ ಲೋಕಲ್ ಮೋಡ್‌ನಲ್ಲಿ ಒಂದೇ ಎಕ್ಸಿಕ್ಯೂಟರ್ ಇರುವುದರಿಂದ ಅಲ್ಲಿ ಈ ಕಾಯುವಿಕೆ ಕಾಣದು. ಇಂಟರ್ನೆಟ್‌ನಲ್ಲಿ ಓದಿ ಕಾಯುವ ಅವಧಿಯನ್ನು ಸೊನ್ನೆ ಮಾಡುವ ಅಡ್ಡದಾರಿ ಹಿಡಿಯುವವರು ಈ ಕಾಲಂ ಅನ್ನು ಮೊದಲು ನೋಡಲಿ. ಕಡತ ಎಸ್3ಯಂಥ ಕ್ಲೌಡ್ ಸಂಗ್ರಹದಲ್ಲಿದ್ದರೆ ಅದನ್ನು ಓದುವ ಸ್ಟೇಜ್‌ಗೆ ಹತ್ತಿರದ ಯಂತ್ರ ಎಂಬುದೇ ಇಲ್ಲ, ಹಾಗಾಗಿ ಅಲ್ಲಿನ ವಿಳಂಬಕ್ಕೆ ಕಾರಣ ಬೇರೆಯೇ ಇರುತ್ತದೆ.

ಕೊನೆಯದಾಗಿ ವೈಫಲ್ಯದ ಭಾಗ. ಒಂದು ಟಾಸ್ಕ್ 4 ಬಾರಿ ಸೋತರೆ ಇಡೀ ಟಾಸ್ಕ್‌ಸೆಟ್ ರದ್ದಾಗುತ್ತದೆ. ಷಫಲ್‌ನ ದತ್ತಾಂಶ ಸಿಗದೆ ಸೋತದ್ದನ್ನು ಈ ಲೆಕ್ಕಕ್ಕೆ ಹಿಡಿಯದೆ, ಡ್ಯಾಗ್‌ಷೆಡ್ಯೂಲರ್ ಹಿಂದಿನ ಸ್ಟೇಜ್‌ನಲ್ಲಿ ಕಳೆದುಹೋದ ಭಾಗವನ್ನು ಮತ್ತೆ ಓಡಿಸುತ್ತದೆ. ಲಾಗ್‌ನಲ್ಲಿ ‘ಟಾಸ್ಕ್ 2.1’ ಎಂದು ಕಂಡರೆ ಮೊದಲ ಅಂಕಿ ಟಾಸ್ಕ್‌ನ ಕ್ರಮಸಂಖ್ಯೆ, ಚುಕ್ಕಿಯ ನಂತರದ್ದು ಎಷ್ಟನೆಯ ಪ್ರಯತ್ನ ಎಂಬುದು. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಮೊದಲ ಸ್ಟೇಜ್‌ನಲ್ಲಿ ಅದು ಮೂರನೆಯ ಚೀಲದ ಎರಡನೆಯ ಪ್ರಯತ್ನ. ಕಾಗದದ ಮೇಲೆ ಬರೆದಿಟ್ಟ ಏಳು ಟಾಸ್ಕ್‌ಗಳ ಪಕ್ಕದಲ್ಲಿ ಈ ಅಂಕಿಗಳನ್ನು ಗುರುತಿಸುತ್ತ ಲಾಗನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿ.