ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡದೆ ನಿಲ್ಲಿಸಿದ್ದು

ಮೂಡಿಗೆರೆ ಕಡೆ ನಮ್ಮದು ಎಂಟು ಎಕರೆ ಅರೇಬಿಕಾ ಕಾಫಿ ತೋಟ. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವೇ ಪಲ್ಪರ್. ಹೀಗೆ ಪಲ್ಪ್ ಮಾಡಿದ ನೀರನ್ನು ಅಪ್ಪನ ಕಾಲದಿಂದಲೂ ಹಳ್ಳಕ್ಕೆ ಬಿಡುತ್ತಿದ್ದೆವು. ಆ ಹಳ್ಳ ಹೋಗಿ ಸೇರುವುದು ಹೇಮಾವತಿಗೆ. ಒಂದು ಜನವರಿಯಲ್ಲಿ ಕೆಳಗಿನ ಗದ್ದೆಯ ಅಜ್ಜಿ ಬಿಂದಿಗೆ ತಂದು ನಮ್ಮ ಜಗುಲಿಯ ಮೇಲಿಟ್ಟರು. "ಗೌಡರೇ, ದನ ಮೂಸಿ ನೋಡಿ ವಾಪಸ್ ಬರುತ್ತಿವೆ" ಎಂದರು. ಕಪ್ಪು ನೀರು, ಹುಳಿತ ಗಂಜಿಯ ವಾಸನೆ. ತಲೆ ಎತ್ತಲಾಗಲಿಲ್ಲ.

ಬೀಜಕ್ಕೆ ಅಂಟಿದ ಲೋಳೆಯಲ್ಲಿ ಸಕ್ಕರೆ ಇರುತ್ತದೆ. ಅದು ಹುಳಿತು ಆಮ್ಲವಾಗುತ್ತದೆ, ಕೊಳೆಯುತ್ತಾ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ; ಮೀನು ಉಸಿರುಗಟ್ಟಿ ಸಾಯುತ್ತದೆ. ಪಲ್ಪಿಂಗ್ ನಡೆಯುವುದೇ ಹಳ್ಳ ಬಡವಾಗಿ ಹರಿಯುವ ತಿಂಗಳುಗಳಲ್ಲಿ.

ಮೊದಲ ವರ್ಷ ಪಲ್ಪರ್ ಪಕ್ಕದಲ್ಲೇ ಗುಂಡಿ ತೋಡಿಸಿದೆ. ತಪ್ಪು ಮಾಡಿದ್ದೆ. ಬಾವಿ ಅದರ ಕೆಳಗಿತ್ತು, ಇಪ್ಪತ್ತೇ ದಿನದಲ್ಲಿ ಮನೆಯ ಕುಡಿಯುವ ನೀರಿಗೂ ಅದೇ ವಾಸನೆ ಬಂತು. ಮರುವರ್ಷ ಬಾವಿಯಿಂದ ದೂರದ ಇಳಿಜಾರಿನಲ್ಲಿ ಒಂದರ ಕೆಳಗೊಂದು ಮೂರು ಗುಂಡಿ ತೋಡಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದೆ. ಪಲ್ಪರ್‌ಗೆ ಒಮ್ಮೆ ಬಿಟ್ಟ ನೀರನ್ನೇ ದಿನವಿಡೀ ತಿರುಗಿಸಿ ಬಳಸಿದೆ. ಕೊನೆಯ ತೊಳೆತಕ್ಕೆ ಮಾತ್ರ ಹೊಸ ನೀರು. ಗುಂಡಿಗೆ ಬರುವ ನೀರು ಇದರಿಂದಲೇ ಬಹಳ ಇಳಿಯಿತು.

ಗುಂಡಿಯ ನೀರಿನ ಹುಳಿ ಕಳೆಯಲು ಸುಣ್ಣ ಹಾಕಬೇಕು, ಆ ಕೆಲಸಕ್ಕೆ ತಾಳ್ಮೆ ಬೇಕು. ಮೊದಲ ಸಲ ಪುಡಿಯನ್ನು ಹಾಗೇ ಸುರಿದೆ, ತಳದಲ್ಲಿ ಗಟ್ಟಿಯಾಗಿ ಕೂತಿತು, ಮೇಲಿನ ನೀರು ಹುಳಿಯಾಗಿಯೇ ಉಳಿಯಿತು. ಈಗ ಹಿಂದಿನ ರಾತ್ರಿಯೇ ಡ್ರಮ್ಮಿನಲ್ಲಿ ನೆನೆಸಿ, ಬೆಳಿಗ್ಗೆ ಸೋಸಿದ ತಿಳಿ ಸುಣ್ಣದ ಹಾಲನ್ನು ಉದ್ದ ಕೋಲಿನಿಂದ ಕಲಕುತ್ತಾ ಸುರಿಯುತ್ತೇನೆ. ಅದಕ್ಕೂ ಮೊದಲು ಎರಡು ಮೂರು ದಿನ ನೀರನ್ನು ಅಲುಗಾಡಿಸದೆ ಬಿಟ್ಟರೆ ಲೋಳೆ ಕೆನೆಯಂತೆ ಮೇಲೆ ಕಟ್ಟುತ್ತದೆ, ಅದನ್ನು ಜಾಲರಿಯಿಂದ ಎತ್ತಿಬಿಡಬೇಕು. ಸುಣ್ಣ ಬೆರೆತು, ನೀರಿನ ಹುಳಿ ತೋರಿಸುವ ಪಿಎಚ್ ಕಾಗದ 4ರಿಂದ (ಹುಳಿ) 7ರ (ಹುಳಿ ಕಳೆದ ನೀರು) ಹತ್ತಿರ ಬರುವಾಗ ಕಂದು ನೀರು ಕಡುಹಸಿರಾಗಿ, ಕಪ್ಪಾಗಿ ತಿರುಗುತ್ತದೆ. ಮೊದಲು ನೋಡಿದಾಗ ಕೆಟ್ಟಿತೆಂದು ಹೆದರಿದ್ದೆ. ಬಣ್ಣ ಅಷ್ಟೇ, ವಾಸನೆ ಹೋಗಿರುತ್ತದೆ. ಮೂರನೆಯ ಗುಂಡಿಯ ನೀರಿಗೆ ಒಳ್ಳೆಯ ನೀರು ಬೆರೆಸಿ ಮೇವಿನ ಹುಲ್ಲಿಗೆ ಹಾಯಿಸುತ್ತೇನೆ. ಸಿಪ್ಪೆಯನ್ನು ಸಗಣಿ ಸೇರಿಸಿ ಗುಡ್ಡೆ ಹಾಕಿ ಮಗುಚುತ್ತಿದ್ದರೆ ಮುಂದಿನ ವರ್ಷದ ಗೊಬ್ಬರ.

ನಮ್ಮ ಮೇಲ್ಗಡೆ ಇನ್ನೂ ಮೂರು ಪಲ್ಪರ್‌ಗಳ ನೀರು ಹಳ್ಳಕ್ಕೇ ಬರುತ್ತಿದೆ, ಅಜ್ಜಿಯ ದನಗಳು ಇಂದಿಗೂ ಅಲ್ಲಿ ಬಾಯಿಡುತ್ತಿಲ್ಲ. ಹೋದ ಭಾನುವಾರ ಆ ಮೂವರಲ್ಲಿ ಒಬ್ಬರು ಗುಂಡಿ ನೋಡಲು ಬಂದಿದ್ದರು. ಪಿಎಚ್ ಕಾಗದದ ಅರ್ಧ ಕಟ್ಟು ಕೊಟ್ಟು ಕಳುಹಿಸಿದ್ದೇನೆ.