ನೀರಿನ ಜಾಡು ಹಿಡಿದು ಕಟ್ಟಡದ ಪಾಠ

ಸಿವಿಲ್ ಡಿಪ್ಲೊಮಾಕ್ಕೆ ಹೊಸದಾಗಿ ಸೇರಿದ ಮಕ್ಕಳಿಗೆ ಕಟ್ಟಡ ನಿರ್ಮಾಣದ ಪರಿಚಯ ಪಾಠ ಮಾಡುವುದು ನನ್ನ ಕೆಲಸ. ಪಠ್ಯಕ್ರಮ ಕಲ್ಲು, ಇಟ್ಟಿಗೆ, ಸುಣ್ಣ, ಸಿಮೆಂಟು, ಮರ, ಬಣ್ಣ ಎಂದು ಸಾಲಾಗಿ ಸಾಗುತ್ತದೆ. ಒಳ್ಳೆಯ ಇಟ್ಟಿಗೆಯ ಲಕ್ಷಣಗಳೇನು ಎಂದರೆ ವಿದ್ಯಾರ್ಥಿ ಗಟಗಟನೆ ಒಪ್ಪಿಸುತ್ತಾನೆ. ನಿನ್ನ ಮನೆಯ ಗೋಡೆಯ ಬುಡದಲ್ಲಿ ಗಾರೆ ಏಕೆ ಉದುರುತ್ತಿದೆ ಎಂದು ಕೇಳಿದರೆ ಸುಮ್ಮನಾಗುತ್ತಾನೆ. ಕಾಲೇಜಿಗೆ ಬರುವ ಮೊದಲು ನಾನು ಸೈಟುಗಳಲ್ಲಿ ದುಡಿದವನು. ಅಲ್ಲಿ ಕಂಡ ದೋಷಗಳಲ್ಲಿ ಹೆಚ್ಚಿನವಕ್ಕೆ ನೀರೇ ಕಾರಣವಾಗಿತ್ತು: ಬೇಕಾದಲ್ಲಿ ಇರಲಿಲ್ಲ, ಬೇಡವಾದಲ್ಲಿ ಇತ್ತು. ಹಾಗಾಗಿ ಪಾಠವನ್ನು ನೀರಿನ ಬೆನ್ನುಹತ್ತಿ ಜೋಡಿಸಿಕೊಂಡೆ. ಪಠ್ಯದ ಒಂದು ವಿಷಯವನ್ನೂ ಕೈಬಿಡಲಿಲ್ಲ, ಕ್ರಮವನ್ನು ಮಾತ್ರ ಬದಲಿಸಿದೆ.

ಶುರು ಮಾಡುವುದು ಮರಳಿನಿಂದ. ಅಳತೆಯ ಗಾಜಿನ ಜಾಡಿಯಲ್ಲಿ 200 ಮಿಲಿಲೀಟರ್ ಗೆರೆಯವರೆಗೆ ತೇವದ ಮರಳನ್ನು ಸಡಿಲವಾಗಿ ತುಂಬಿಸುತ್ತೇನೆ. ಆಮೇಲೆ ಮರಳು ಪೂರ್ತಿ ಮುಳುಗುವಷ್ಟು ನೀರು ಸುರಿದು ಕಡ್ಡಿಯಿಂದ ಕಲಕಲು ಹೇಳುತ್ತೇನೆ. ನೀರು ಹಾಕಿದರೆ ಮಟ್ಟ ಏರಬೇಕು ಎಂದು ತರಗತಿಯ ನಿರೀಕ್ಷೆ. ಮರಳು ಕಣ್ಣೆದುರೇ ಕುಸಿಯುತ್ತದೆ. ತೇವ ಶೇ 4-5ರಷ್ಟಿರುವಾಗ ಪ್ರತಿ ಕಣದ ಸುತ್ತ ನೀರಿನ ತೆಳು ಪೊರೆ ಕೂತು ಕಣಗಳನ್ನು ದೂರ ತಳ್ಳುತ್ತದೆ. ಮುಳುಗಿಸಿದಾಗ ಆ ಪೊರೆ ಒಡೆದು ಮರಳು ಒಣಗಿದ್ದಾಗಿನ ಗಾತ್ರಕ್ಕೆ ಇಳಿಯುತ್ತದೆ. 200ರಿಂದ 160ಕ್ಕೆ ಇಳಿಯಿತು ಎನ್ನಿ, ಉಬ್ಬು ಶೇ 25. ಭಾಗಿಸಬೇಕಾದದ್ದು 160ರಿಂದ. ಇದನ್ನು ಎಷ್ಟು ಹೇಳಿದರೂ ಅರ್ಧ ತರಗತಿ 200ರಿಂದಲೇ ಭಾಗಿಸಿ ಶೇ 20 ಎಂದು ಬರೆಯುತ್ತದೆ.

ಈ ಲೆಕ್ಕವನ್ನು ಅಲ್ಲಿಗೇ ಬಿಡಬಾರದು, ಗಾರೆಗೆ ತರಬೇಕು. 50 ಕಿಲೋ ಸಿಮೆಂಟ್ ಚೀಲದ ಗಾತ್ರ ಸುಮಾರು 35 ಲೀಟರ್. ಒಂದಕ್ಕೆ ಆರು ಗಾರೆ ಎಂದರೆ ಅಷ್ಟೇ ಅಳತೆಯ ಪೆಟ್ಟಿಗೆಯಲ್ಲಿ ಆರು ಪೆಟ್ಟಿಗೆ ಮರಳು, 210 ಲೀಟರ್. ಮರಳು ಶೇ 25 ಉಬ್ಬಿದ್ದರೆ ನಿಜವಾಗಿ ಬಿದ್ದದ್ದು 168 ಲೀಟರ್, ಮಿಶ್ರಣ 1:4.8 ಆಯಿತು. ಸಿಮೆಂಟು ಲೆಕ್ಕಕ್ಕಿಂತ ಹೆಚ್ಚು ಕರಗಿತು. ಲೋಡಿನ ಲೆಕ್ಕದಲ್ಲಿ ಒದ್ದೆ ಮರಳು ಕೊಂಡ ಮನೆಯ ಯಜಮಾನನಿಗೂ ಇದೇ ಪ್ರಮಾಣದಲ್ಲಿ ನಷ್ಟ. ಈಗ ಎಲ್ಲೆಡೆ ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಬಂದಿದೆ. ತೊಳೆದು ಒದ್ದೆಯಾಗಿಯೇ ಬರುವ ಲೋಡಿಗೂ ಈ ಪರೀಕ್ಷೆ ಬೇಕೇ ಬೇಕು.

ಇಟ್ಟಿಗೆಯ ಪಾಠಕ್ಕೆ ಊರಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆಸುತ್ತೇನೆ. ಅವರಿಗೆ ದಿನಗೂಲಿ ಕೊಡಿಸಲು ಕಚೇರಿಯಲ್ಲಿ ಪ್ರತಿ ವರ್ಷ ಅರ್ಜಿ ಬರೆಯಬೇಕು, ಬರೆಯುತ್ತೇನೆ. ಪ್ರಯೋಗಾಲಯದಲ್ಲಿ ಮಕ್ಕಳು ಒಣಗಿಸಿ ತೂಗಿದ ಇಟ್ಟಿಗೆಯನ್ನು 24 ಗಂಟೆ ನೀರಿನಲ್ಲಿಟ್ಟು ಮತ್ತೆ ತೂಗುತ್ತಾರೆ. ಸಾಧಾರಣ ದರ್ಜೆಯ ಇಟ್ಟಿಗೆ ತನ್ನ ತೂಕದ ಶೇ 20ಕ್ಕಿಂತ ಹೆಚ್ಚು ನೀರು ಹೀರಬಾರದು ಎಂಬುದು ಭಾರತೀಯ ಮಾನಕದ ಮಿತಿ. ಅಂಗಳದಲ್ಲಿ ಮೇಸ್ತ್ರಿ ಎರಡು ಸಣ್ಣ ಗೋಡೆ ಕಟ್ಟಿಸುತ್ತಾರೆ: ಒಂದು ನೆನೆಸಿದ ಇಟ್ಟಿಗೆಯದು, ಇನ್ನೊಂದು ಗೂಡಿನಿಂದ ಬಂದ ಹಾಗೆಯೇ ಒಣಗಿದ್ದು. ಕರಣೆ ಹಿಡಿಯುವುದು ಮಕ್ಕಳೇ. ಒಣ ಇಟ್ಟಿಗೆಯ ಮೇಲೆ ಗಾರೆ ಹರಡಿ ಮುಂದಿನ ಇಟ್ಟಿಗೆಯನ್ನು ತೆಗೆದುಕೊಳ್ಳುವಷ್ಟರಲ್ಲಿ ಗಾರೆಯ ಹೊಳಪು ಮಾಯವಾಗಿ ಬಿರುಸಾಗಿರುತ್ತದೆ. ಇಟ್ಟಿಗೆಯನ್ನು ಸರಿಸಿ ದಾರಕ್ಕೆ ಹೊಂದಿಸಲು ಹೋದರೆ ಜಗ್ಗುವುದಿಲ್ಲ. "ನೋಡಮ್ಮ, ಇಟ್ಟಿಗೆಗೆ ಬಾಯಾರಿದ್ದರೆ ಗಾರೆಯ ಪಾಲನ್ನೂ ಅದೇ ಕುಡಿಯುತ್ತದೆ" ಎಂದು ಅವರು ಒಬ್ಬ ಹುಡುಗಿಗೆ ಹೇಳಿದ್ದನ್ನು ನಾನು ಈಗಲೂ ತರಗತಿಯಲ್ಲಿ ಬಳಸುತ್ತೇನೆ. ಮರುದಿನ ಎರಡೂ ಗೋಡೆಗಳ ಮೇಲಿನ ಇಟ್ಟಿಗೆಯನ್ನು ಕೈಯಿಂದ ಎತ್ತಿ ನೋಡಬೇಕು. ಒಣಗಿದ್ದು ಸುಲಭವಾಗಿ ಕಳಚಿ ಬರುತ್ತದೆ, ಅಡಿಯ ಗಾರೆ ಬೆರಳಲ್ಲಿ ಪುಡಿಯಾಗುತ್ತದೆ. ಉದ್ದಸಾಲು, ಅಡ್ಡಸಾಲು, ಇವೆರಡನ್ನೂ ಒಂದರ ಮೇಲೊಂದು ಕಟ್ಟುವ ಇಂಗ್ಲಿಷ್ ಬಾಂಡ್ ಎಲ್ಲವನ್ನೂ ಈ ಗೋಡೆಯ ಮೇಲೆಯೇ ಕಲಿಸಿ ಮುಗಿಸುತ್ತೇನೆ.

ಕಾಂಕ್ರೀಟಿನಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ನೀರು-ಸಿಮೆಂಟ್ ಅನುಪಾತದ ಬಳಿ. ಅಮೆರಿಕದ ಎಂಜಿನಿಯರ್ ಡಫ್ ಅಬ್ರಾಮ್ಸ್ 1918ರಲ್ಲೇ ಇದನ್ನು ತೋರಿಸಿಕೊಟ್ಟರು: ನೀರು ಹೆಚ್ಚಿದಷ್ಟೂ ಬಲ ಕುಗ್ಗುತ್ತದೆ. ಸಿಮೆಂಟಿನ ರಾಸಾಯನಿಕ ಕ್ರಿಯೆಗೆ ಅದರ ತೂಕದ ಶೇ 23ರ ಸುಮಾರು ನೀರು ಸಾಕು. ಕಲಸಲು, ತುಂಬಲು ಅನುಕೂಲವಾಗಲೆಂದು ಹೆಚ್ಚಿಗೆ ಹಾಕುತ್ತೇವೆ, ಅಗತ್ಯ ಮೀರಿದ್ದು ಆರಿಹೋಗಿ ಹಿಂದೆ ರಂಧ್ರಗಳನ್ನು ಬಿಡುತ್ತದೆ. ಅನುಪಾತ 0.5 ಎಂದರೆ ಒಂದು ಚೀಲಕ್ಕೆ 25 ಲೀಟರ್. ಮೋಲ್ಡ್ ಹಾಕುವ ದಿನ ಮಿಕ್ಸರಿನ ಪಕ್ಕ ಪೈಪು ಹಿಡಿದು ನಿಂತವನ ಕೈಯಲ್ಲಿ ಇಡೀ ಮನೆಯ ಬಲವಿದೆ ಎಂದು ಮಕ್ಕಳಿಗೆ ಹೇಳುವುದು ಉತ್ಪ್ರೇಕ್ಷೆಯಲ್ಲ. ಮೂರು ಅನುಪಾತಗಳಲ್ಲಿ 150 ಮಿ.ಮೀ. ಘನಗಳನ್ನು ಎರಕ ಹೊಯ್ದು 28 ದಿನ ನೀರಿನಲ್ಲಿಟ್ಟು ಯಂತ್ರದಲ್ಲಿ ಒಡೆಸುತ್ತೇವೆ. ಚದರ ಮಿ.ಮೀ.ಗೆ 20 ನ್ಯೂಟನ್ ಬಲದ ಘನ ಒಡೆಯಲು 450 ಕಿಲೋನ್ಯೂಟನ್, ಅಂದರೆ ಸುಮಾರು 45 ಟನ್ ಭಾರ ಬೇಕು. ಯಂತ್ರದ ಮುಳ್ಳು ಒಂದೊಂದು ಘನಕ್ಕೆ ಒಂದೊಂದು ಕಡೆ ನಿಲ್ಲುವುದನ್ನು ನೋಡಿದ ಮೇಲೆ ನಕ್ಷೆ ಬರೆಯಿರಿ ಎಂದು ಯಾರಿಗೂ ಒತ್ತಾಯಿಸಬೇಕಾಗಿಲ್ಲ.

ಅದೇ ನೀರು ಎರಕವಾದ ಮೇಲೆ ಎಷ್ಟು ಕೊಟ್ಟರೂ ಒಳ್ಳೆಯದು. ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಸಿಗುವ ಹಾರುಬೂದಿ ಬೆರೆತ ಸಿಮೆಂಟಿಗೆ 10 ದಿನ ಕ್ಯೂರಿಂಗ್ ಬೇಕು. ತಾರಸಿಗೆ ಗಾರೆಯ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದನ್ನು ಎಲ್ಲರೂ ಮಾಡುತ್ತಾರೆ. ಕಂಬಗಳನ್ನು ಮರೆಯುತ್ತಾರೆ, ಅವಕ್ಕೆ ಗೋಣಿಚೀಲ ಸುತ್ತಿ ಒದ್ದೆಯಾಗಿಡಲು ಜನ ಸಿಗುವುದಿಲ್ಲ ಎಂಬ ನೆಪ ಸದಾ ಸಿದ್ಧವಿರುತ್ತದೆ. ಇದರಲ್ಲಿ ರಾಜಿ ಸಲ್ಲದು.

ಮಟ್ಟದ ಪೈಪಿನ ಪಾಠ ಚಿಕ್ಕದು. ಪಾರದರ್ಶಕ ಪೈಪಿಗೆ ನೀರು ತುಂಬಿ, ಗುಳ್ಳೆಗಳಿಲ್ಲವೆಂದು ಖಚಿತಪಡಿಸಿಕೊಂಡು, ಒಂದು ಮೂಲೆಯ ಗುರುತನ್ನು ಇನ್ನೊಂದು ಮೂಲೆಗೆ ಒಯ್ಯುವುದು. ಕಾರಿಡಾರಿನ ಎರಡು ತುದಿಗಳಲ್ಲಿ ಮಾಡಿಸುತ್ತೇನೆ.

ನೀರಿನ ತೊಟ್ಟಿಗೆ ಬಂದಾಗ ಭಾರದ ಪಾಠ ತಾನಾಗಿ ಬರುತ್ತದೆ. ಸಾವಿರ ಲೀಟರ್ ಎಂದರೆ ಒಂದು ಟನ್. ಓಡಾಡುವ ತಾರಸಿಗೆ ನಾವು ಹಿಡಿಯುವ ಚಲಭಾರ (ಜನ, ಸಾಮಾನುಗಳ ಭಾರ) ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ 150 ಕಿಲೋ. ತೊಟ್ಟಿ ಸುಮಾರು ಒಂದು ಚದರ ಮೀಟರ್ ಜಾಗದಲ್ಲಿ ಅದರ ಆರೇಳು ಪಟ್ಟು ಒತ್ತುತ್ತದೆ. ಹಾಗಾದರೆ ಅದನ್ನು ಎಲ್ಲಿಡಬೇಕು? ಗೋಡೆ ಅಥವಾ ಕಂಬದ ನೆತ್ತಿಯ ಮೇಲೆ ಎಂದು ಮಕ್ಕಳೇ ಹೇಳುತ್ತಾರೆ. ಅಲ್ಲಿಂದ ಭಾರ ತೊಲೆಗೆ, ಕಂಬಕ್ಕೆ, ಪಾಯಕ್ಕೆ, ನೆಲಕ್ಕೆ ಇಳಿಯುವ ದಾರಿಯನ್ನು ಬಿಡಿಸಲು ಅವರಿಗೆ ನನ್ನ ಸಹಾಯ ಬೇಕಿಲ್ಲ.

ಮಳೆಗಾಲದ ತರಗತಿಗಳು ಕಾಲೇಜಿನ ಹೊರಗೋಡೆಯ ಬಳಿ. ಸಜ್ಜಾದ ಅಡಿಯಲ್ಲಿ ಅಂಚಿಗೆ ಒಂದು ಸಣ್ಣ ಗೀರುಗಾಲುವೆ ಇರುತ್ತದೆ. ಹನಿ ಅಲ್ಲೇ ತುಂಡಾಗಿ ಕೆಳಗೆ ಬೀಳುತ್ತದೆ. ಅದು ಮುಚ್ಚಿಹೋದ ಕಡೆ ನೀರು ಅಡಿಗುಂಟ ಓಡಿ ಗೋಡೆಗೆ ಕಪ್ಪು ಗೆರೆ ಎಳೆದಿರುತ್ತದೆ. ಬಚ್ಚಲಿನ ಟ್ರ್ಯಾಪಿನಲ್ಲಿ, ಅಂದರೆ ಬಾಗಿದ ಕೊಳವೆಯಲ್ಲಿ, ನಿಂತಿರಬೇಕಾದ 50 ಮಿ.ಮೀ. ನೀರಿನ ತಡೆ, ಅದು ಆರಿದರೆ ಮನೆಗೆ ನುಗ್ಗುವ ವಾಸನೆ, ಗಾಳಿಕೊಳವೆ ಏಕೆ ಬೇಕು ಎಂಬುದೂ ಈ ವಾರಗಳಲ್ಲೇ.

ವಿದ್ಯುತ್ ವ್ಯವಸ್ಥೆ ಈ ಜಾಡಿಗೆ ಸೇರುವುದಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಅರ್ಥಿಂಗ್ ಗುಂಡಿಯ ಬಳಿ ಕರೆದೊಯ್ದೆ. ಎರಡೂವರೆ ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಸುತ್ತ ಇದ್ದಿಲು, ಉಪ್ಪು ತುಂಬುವುದು ಮಣ್ಣಿನ ತೇವ ಉಳಿಯಲಿ, ವಿದ್ಯುತ್ತು ಸಲೀಸಾಗಿ ನೆಲಕ್ಕೆ ಇಳಿಯಲಿ ಎಂದು. ಬೇಸಿಗೆಯಲ್ಲಿ ಆ ಪೈಪಿನ ಬಾಯಿಗೆ ನೀರು ಹಾಕುತ್ತಿರಬೇಕು. ಈ ಕೆಲಸವನ್ನು ಈಗ ನಮ್ಮ ವಿದ್ಯಾರ್ಥಿಗಳೇ ಮಾಡುತ್ತಾರೆ.

ಕೊನೆಯ ನಿಯೋಜಿತ ಕೆಲಸ ಒಂದೇ: ತಾವು ವಾಸಿಸುವ ಮನೆಯೊಳಕ್ಕೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಹೋಗುತ್ತದೆ, ಬಾರದ ಕಡೆ ಎಲ್ಲಿ ಬಂದಿದೆ ಎಂದು ಅಳತೆ ಸಮೇತ ಚಿತ್ರ ಬರೆಯಬೇಕು. ಬಾಡಿಗೆ ಕೊಠಡಿಯಲ್ಲಿರುವವರು ಕೊಠಡಿಯದನ್ನೇ ಬರೆಯಲಿ. ಅಂಕ ಕೊಡುವಾಗ ನಾನು ಗೆರೆಯ ಅಂದ ನೋಡುವುದಿಲ್ಲ, ಒದ್ದೆಗೆ ಅವರು ಬರೆದ ಕಾರಣವನ್ನು ನೋಡುತ್ತೇನೆ.